ಬೈ ಅಂದರೆ ಕೊಳ್ಳುವುದು

"ನನಗೊಂದು ಹೊಸಾ ಹೆಸರು ಕೊಡ್ರಿ ಅಜ್ಜಾರ."

"ಯಾಕ್ರಿ, ಹಳೇದು ಹರೀತೇನು?"

ಕೇಳಿದವನು ತೌಡಪ್ಪ. ಉತ್ತರ ಕೊಟ್ಟವರು ಹೊಳೆದಂಡೆಯ ಮಠದ ನಿರುಪಾದಿ ಅಜ್ಜ.

ಮಠ ಎಂದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎರಡು ಹೆಂಚಿನ ಕೋಣೆ, ಅಂಗಳದಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ಒಂದು ಆಕಳು, ಒಳಗೆ ಅಡುಗೆ ಮಾಡುವ ದ್ಯಾಮಣ್ಣ. ಹೊಳೆ ಮಾತ್ರ ದೊಡ್ಡದು.

ತೌಡಪ್ಪ ಪಟ್ಟಣದ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದವನು. ಅದನ್ನು ಬಿಟ್ಟು ಶಿಷ್ಯನಾಗುತ್ತೇನೆಂದು ಬಂದು ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿತ್ತು. ಕಸ ಗುಡಿಸಿದ, ನೀರು ಹೊತ್ತ, ಸಗಣಿ ಬಳಿದ. ಅಜ್ಜ ಅವನನ್ನು ಶಿಷ್ಯನೆಂದು ಒಪ್ಪಿಕೊಂಡಿರಲಿಲ್ಲ. ಒಪ್ಪಿಲ್ಲವೆಂದೂ ಹೇಳಿರಲಿಲ್ಲ.

"ಬರ್ರಿ ತೌಡಪ್ಪನವರ. ಕುಂಡರ್ರಿ. ಊಟ ಆತೇನ್ರಿ?"

ನಿನ್ನೆ ಬಂದ ಬೀಗರನ್ನು ಮಾತಾಡಿಸಿದ ಹಾಗೆ, ದಿನವೂ ಇಷ್ಟೇ.

ದ್ಯಾಮಣ್ಣನಿಗಾದರೆ ಬೆಳಗಾಗುವುದೇ ಬೈಗುಳದಿಂದ.

"ಏ ದ್ಯಾಮ್ಯಾ, ಮಂಗ್ಯಾ! ಒಲಿ ಮ್ಯಾಲೆ ಹಾಲಿಟ್ಟು ಎಲ್ಲಿ ಹಾಳಾಗಿ ಹೋದೀ?"

ಮೊದಮೊದಲು ತೌಡಪ್ಪನಿಗೆ ಒಳಗೊಳಗೇ ಹಿಗ್ಗು. ಓದಿದವನೆಂದು ಅಜ್ಜ ತನಗೆ ಮರ್ಯಾದೆ ಕೊಡುತ್ತಾರೆ, ಪಾಪ ದ್ಯಾಮಣ್ಣನ ಹಣೆಬರಹ ಇದು ಎಂದುಕೊಂಡ. ಒಂದು ದಿನ ಕನಿಕರದಿಂದ ಕೇಳಿಯೂ ಬಿಟ್ಟ.

"ದ್ಯಾಮಣ್ಣ, ದಿನಾ ಇಷ್ಟು ಬೈಸ್ಕೋತೀಯಲ್ಲ, ಬ್ಯಾಸರ ಆಗಂಗಿಲ್ಲೇನು?"

ದ್ಯಾಮಣ್ಣ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ.

"ಬ್ಯಾಸರ ಯಾಕ್ರಿ ಮಾಸ್ತರ? ಬೈದು ಹೇಳೋರು ಬದುಕಾಕ ಹೇಳಿದ್ರು ಅಂತಾರ. ಅಜ್ಜಾರು ಹೊರಗಿನವರಿಗೆ ಒಂದು ದಿನಾನೂ ಬೈದವರಲ್ಲ."

ಅವತ್ತಿನಿಂದ ಅಜ್ಜನ ಒಂದೊಂದು 'ರಿ'ಯೂ ತೌಡಪ್ಪನಿಗೆ ಮುಳ್ಳಿನಂತೆ ಚುಚ್ಚತೊಡಗಿತು.

ಹೇಗಾದರೂ ಬೈಸಿಕೊಳ್ಳಬೇಕೆಂದು ನೋಡಿದ. ಇಂಥ ಹಟವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಬೇಕೆಂದೇ ಹಾಲು ಚೆಲ್ಲಿದ.

"ಇರಲಿ ಬಿಡ್ರಿ, ಬೆಕ್ಕಿಗೆ ಇವತ್ತು ಹಬ್ಬ ಆತು" ಎಂದರು ಅಜ್ಜ.

ಆಕಳ ಹಗ್ಗ ಬಿಚ್ಚಿಬಿಟ್ಟ. ಅದು ಪಕ್ಕದ ಹೊಲಕ್ಕೆ ನುಗ್ಗಿತು; ಅವನು ಓಡಿಹೋಗಿ ಹಿಡಿದು ತರುವಷ್ಟರಲ್ಲಿ ಹೊಲದವನು ಬಂದು ಕೂಗಾಡಿದ. ಅಜ್ಜ ಕೈಮುಗಿದು ಅವನನ್ನು ಕಳಿಸಿ, ತೌಡಪ್ಪನ ಕಡೆ ತಿರುಗಿದರು. ತೌಡಪ್ಪ ಆಸೆಯಿಂದ ಕಾದ.

"ಓಡಿ ದಣದೀರಿ. ಒಂದಿಷ್ಟು ನೀರು ಕುಡೀರಿ ತೌಡಪ್ಪನವರ."

ಆ ನೀರನ್ನು ಅವನು ಕುಡಿದ.

ಇದಕ್ಕೆಲ್ಲ ತನ್ನ ಹೆಸರೇ ಕಾರಣ ಎಂದು ಅವನಿಗೆ ಆಮೇಲೆ ಅನ್ನಿಸಿತು. ತೌಡಪ್ಪ ಎಂಬ ಹೆಸರಿನವನನ್ನು ಯಾವ ಗುರು ತನ್ನವನೆಂದು ಕರೆದಾನು? ಹೆಸರು ಬದಲಾದರೆ ದೀಕ್ಷೆಯೂ ಆದೀತು. ಹೀಗೆ ಬಂದ ಯೋಚನೆಯದು. ಅದಕ್ಕೇ ಆ ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನ ಮುಂದೆ ನಿಂತು ಹೊಸ ಹೆಸರು ಕೇಳಿದ್ದು.

"ಹರದಿಲ್ರಿ ಅಜ್ಜಾರ. ಆದ್ರ ಹೊತ್ತು ಹೊತ್ತು ಸಾಕಾಗೈತಿ."

"ಭಾರ ಐತೇನ್ರಿ?"

"ಸಾಲ್ಯಾಗ ನಾ ಒಳಗ ಬಂದ ಕೂಡಲೆ ಹಿಂದಿನ ಬೆಂಚಿನ್ಯಾಗ ಒಬ್ಬಾಂವ ಎಮ್ಮಿಯಂಗ ಒದರತಿದ್ದ. ತೌಡು ಬಂತಲ್ಲ, ಎಮ್ಮಿ ಒದರಬೇಕಲ್ಲ. ಉಳಿದ ಮಾಸ್ತರರೂ ಕಡಿಮಿ ಇರಲಿಲ್ಲ. ಏನ್ರಿ, ತೌಡು ಕುಟ್ಟಾಕ ಹೊಂಟ್ರೇನು ಅಂತ ಕೇಳತಿದ್ರು."

ಅಜ್ಜ ನಗಲಿಲ್ಲ.

"ಹೆಸರಿಟ್ಟವರು ಯಾರ್ರಿ?"

"ಅವ್ವ."

"ಯಾಕಿಟ್ಟರು?"

"ಅದೊಂದು ಕೇಳಬ್ಯಾಡ್ರಿ."

"ಆತು ಬಿಡ್ರಿ, ಕೇಳೂದಿಲ್ಲ. ನೀರು ಕಾದಾವು, ಜಳಕ ಮಾಡಿ ಬರ್ರಿ."

ಮತ್ತೆ ಅದೇ ರಿ. ಅದಕ್ಕಿಂತ ಹೇಳಿಬಿಡುವುದೇ ಮೇಲು ಎಂದುಕೊಂಡು ತೌಡಪ್ಪ ಮೆಟ್ಟಿಲ ಮೇಲೆ ಕೂತ.

"ನನಕಿಂತ ಮೊದಲ ಹುಟ್ಟಿದವು ಒಂದೂ ಉಳೀಲಿಲ್ಲಂತ್ರಿ. ಅದಕ್ಕ ನಾ ಹುಟ್ಟಿದ ಕೂಡಲೆ ನನ್ನ ತಿಪ್ಪಿ ಮ್ಯಾಲೆ ಇಟ್ಟರು. ಬಾಜೂಮನಿ ಸಂಕವ್ವ ಬಂದು, ಯಾರದೋ ಕೂಸು ತಿಪ್ಪ್ಯಾಗ ಸಿಕ್ಕಿತು ಅಂತ ಎತ್ಕೊಂಡ್ಳು. ನಮ್ಮವ್ವ ಏನೂ ಗೊತ್ತಿಲ್ಲದಾಕಿಯಂಗ ಹೋಗಿ, ಒಂದು ಮೊರ ತೌಡು ಕೊಟ್ಟು ನನ್ನ ಕೊಂಡು ತಂದ್ಳು. ಅದ ಹೆಸರಾತು."

"ಪದ್ಧತಿ ಐತಲ್ರಿ ಹಂಗ."

"ಐತ್ರಿ. ಪದ್ಧತಿ ಅಂತ ನಾನೂ ಸುಮ್ಮನಿದ್ದೆ. ನನ್ನ ಬೆನ್ನಿಗೆ ಒಬ್ಬಾಕಿ ತಂಗಿ ಹುಟ್ಟಿದಳು. ಆಕಿಗೆ ಏನು ಹೆಸರಿಟ್ಟರು ಗೊತ್ತೇನ್ರಿ?"

"ಏನಿಟ್ಟರು?"

"ರತ್ನವ್ವ."

ಅವನ ದನಿ ಒಡೆಯಿತು.

"ಆಕಿ ರತ್ನ. ನಾ ತೌಡು. ಒಂದು ಹಿಡಿ ಜ್ವಾಳಾ ಆದ್ರೂ ಕೊಡಬಾರದಿತ್ತೇನ್ರಿ ಅಜ್ಜಾರ?"

ಅಜ್ಜ ಹೊಳೆಯ ಕಡೆ ಮುಖ ತಿರುಗಿಸಿದರು. ಆಮೇಲೆ, ಸಂಬಂಧವೇ ಇಲ್ಲದವರಂತೆ ಕೇಳಿದರು.

"ನೀವು ಇಂಗ್ಲಿಷ್ ಬಲ್ಲವರು. ಕೊಳ್ಳೂದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ?"

"ಬೈ ಅಂತಾರ್ರಿ."

"ಯಾರಿಗ್ರಿ?"

"ಯಾರಿಗೂ ಅಲ್ರಿ. ಆ ಶಬ್ದಾನ ಬೈ."

"ಹಂಗೇನು? ನಾ ದ್ಯಾಮ್ಯಾಗ ಬೈ ಅಂದ್ರಿ ಅಂತ ತಿಳದೆ."

"ನಾ ಏನು ಮಾಡೇನ್ರಿ ಅಜ್ಜಾರ?" ಎಂದು ಒಳಗಿನಿಂದ ದ್ಯಾಮಣ್ಣ ಕೂಗಿದ.

"ನಿನಗಲ್ಲೋ ಮಂಗ್ಯಾ, ಇಂಗ್ಲಿಷಿಗೆ! ನೀ ಸಾರು ನೋಡು!"

ಅಜ್ಜ ಮತ್ತೆ ತಿರುಗಿದರು. ಮತ್ತೆ ಅದೇ ನಯ.

"ಆ ಬೈ ಎಲ್ಲಿಂದ ಬಂತ್ರಿ?"

ತೌಡಪ್ಪನೊಳಗಿನ ಮಾಸ್ತರ ಎಚ್ಚೆತ್ತ. ಎಷ್ಟು ದುಃಖದಲ್ಲಿದ್ದರೂ ಮಾಸ್ತರನಿಗೆ ಪ್ರಶ್ನೆ ಕೇಳಿದರೆ ಕಣ್ಣು ಹೊಳೆಯುತ್ತದೆ.

"ಬರಿಯೂವಾಗ ಬಿ, ಯು, ವೈ ಅಂತ ಬರೀತಾರ್ರಿ. ಅನ್ನೂವಾಗ ಬೈ ಅಂತಾರ."

"ನಡುವಿನ ಯು ಎಲ್ಲಿ ಹೋತು?"

"ಹಳೇ ಕಾಲಕ್ಕ ಆ ದೇಶದಾಗ ಒಂದೊಂದು ಸೀಮಿಯವರು ಒಂದೊಂದು ತರ ಅಂತಿದ್ರಂತ. ಬರಿಯೂದು ಒಂದು ಸೀಮಿದು ಉಳೀತು, ಅನ್ನೂದು ಇನ್ನೊಂದು ಸೀಮಿದು ಉಳೀತು."

"ಅಂದ್ರ ಬರದದ್ದ ಬ್ಯಾರೆ, ಅಂದದ್ದ ಬ್ಯಾರೆ."

"ಹೌದ್ರಿ."

"ಅದಕ್ಕೂ ಹಿಂದ?"

"ಹಿಂದ ಆ ಶಬ್ದ ಉದ್ದ ಇತ್ತ್ರಿ. ನಡುವ ಒಂದು ಜಕಾರ ಇತ್ತು, ತುದಿಗೆ ಒಂದು ಬಾಲ ಇತ್ತು. ಬಾಯಿಂದ ಬಾಯಿಗೆ ಹೋಗಿ ಸವದು ಬೈ ಅಷ್ಟ ಉಳೀತು."

"ಅದಕ್ಕೂ ಹಿಂದ?"

"ಗೊತ್ತಿಲ್ರಿ. ಅಕ್ಕಪಕ್ಕದ ಒಂದೆರಡು ಹಳೇ ಭಾಷಾದಾಗ ಅದರ ದಾಯಾದರು ಅದಾರಂತ. ಅದರಾಚೆ ಮೂಲ ಸಿಗೂದಿಲ್ಲ ಅಂತ ಬಲ್ಲವರು ಕೈಚೆಲ್ಲ್ಯಾರ."

"ನದಿಮೂಲ, ಋಷಿಮೂಲ ಕೇಳಬಾರದು ಅಂತಿದ್ರು. ಇನ್ನು ಬೈಮೂಲಾನೂ ಕೇಳಬಾರದಾತು." ಅಜ್ಜ ಮೀಸೆಯಲ್ಲೇ ನಕ್ಕರು. "ಅದೂ ತಿಪ್ಪ್ಯಾಗ ಸಿಕ್ಕ ಕೂಸ ಅನ್ರಿ."

ತೌಡಪ್ಪ ಬೆಚ್ಚಿಬಿದ್ದ. ಅಜ್ಜ ಅದನ್ನು ಕಂಡೂ ಕಾಣದವರಂತೆ ಮುಂದುವರಿದರು.

"ಅರ್ಥ ಏನ್ರಿ ಅದರದು?"

"ರೊಕ್ಕಾ ಕೊಟ್ಟು ತಗೊಳ್ಳೂದು."

"ಮೊದಲಿಂದ ಅಷ್ಟನ?"

"ಇನ್ನೊಂದಿತ್ತ್ರಿ. ಸೆರಿ ಸಿಕ್ಕವರನ್ನ ಏನರೆ ಕೊಟ್ಟು ಬಿಡಿಸ್ಕೊಂಡು ಬರೂದಕ್ಕೂ ಹಳೇ ಕಾಲದಾಗ ಅದ ಶಬ್ದ ಬಳಸತಿದ್ರು."

ತರಗತಿಯಲ್ಲಿ ಹೇಳುವಂತೆ ಸರಾಗವಾಗಿ ಹೇಳಿ ಮುಗಿಸಿದ. ಪಾಠ ಹೇಳುವವರಿಗೆ ಪಾಠ ಕೇಳಿಸುವುದು ಕಡಿಮೆ.

"ಬಿಡಿಸ್ಕೊಂಡು ಬರೂದು" ಎಂದು ಅಜ್ಜ ಮೆಲ್ಲಗೆ ಅಂದುಕೊಂಡರು. "ನಮ್ಮ ಕನ್ನಡದ ಕೊಳ್ಳೂದೂ ಒಂದು ನಮೂನಿ ಐತ್ರಿ. ಹೋರಿ ಕೊಂಡೆ ಅಂದ್ರ ರೊಕ್ಕಾ ಕೊಟ್ಟೆ ಅಂತ ಅರ್ಥ. ಮಲಕ್ಕೊಂಡೆ ಅಂದ್ರ? ನಿದ್ದಿ ಯಾವ ಸಂತ್ಯಾಗ ಮಾರತಾರ?"

"ಅದು ಬ್ಯಾರೆ ಬಳಕಿ ಅಜ್ಜಾರ. ತಿಳ್ಕೊಂಡೆ, ಅಪ್ಕೊಂಡೆ, ಇಟ್ಕೊಂಡೆ ಅಂತೀವಲ್ರಿ. ತನಗಾಗಿ ಮಾಡಿದ್ದು ಅಂತ ಅರ್ಥ."

"ತನಗಾಗಿ" ಎಂದರು ಅಜ್ಜ. "ಅಷ್ಟ ನೋಡ್ರಿ."

ತೌಡಪ್ಪನಿಗೆ ವ್ಯಾಕರಣ ಸಾಕಾಗಿತ್ತು. ಇನ್ನು ತಡೆಯಲಾರದೆ ಕೇಳಿಬಿಟ್ಟ.

"ಅಜ್ಜಾರ, ನನ್ನ ನಿಮ್ಮವ ಅಂತ ತಗೊಳ್ರಿ. ಹೊಸಾ ಹೆಸರು ಕೊಟ್ಟು ಶಿಷ್ಯ ಮಾಡ್ಕೋರಿ. ಇಲ್ಲಂದ್ರ ಹೋಗು ಅನ್ರಿ, ಹೋಗಿಬಿಡತೀನಿ. ಹಿಂಗ ಬೀಗರಂಗ ಇರಾಕ ನನ್ನ ಕೈಲೆ ಆಗೂದಿಲ್ಲ."

"ಹೆಂಗ ತಗೊಳ್ಳಲಿ? ನಿಮ್ಮನ್ನ ಆಗಲೇ ಒಬ್ಬರು ಕೊಂಡಾರಲ್ರಿ."

"ಯಾರು, ಅವ್ವನೇನ್ರಿ?"

"ಕೊಂಡವರನ್ನ ಕೇಳದ ತಗೊಂಡ್ರ ಅದು ಕಳವು. ಹೋಗಿ ಕೇಳಿ ಬರ್ರಿ. ಏನು ಬೆಲಿ ಹೇಳತಾರ ನೋಡೂಣು. ನನ್ನ ಕೈಲಾದ್ರ ಕೊಟ್ಟು ತಗೊಳ್ಳತೀನಿ. ಆಗಲಿಲ್ಲಂದ್ರ ನೀವು ನಿಮ್ಮ ದಾರಿ, ನಾ ನನ್ನ ದಾರಿ."

ಮರುದಿನ ಬೆಳಗ್ಗೆ ತೌಡಪ್ಪ ಹೊರಟ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಮಾತು. ಬೆಲೆ ಕೇಳುವುದೇನು ಬಂತು? ಹುಟ್ಟಿದ ದಿನವೇ ಊರಿಗೆಲ್ಲ ಗೊತ್ತಾದ ಬೆಲೆ. ಗಿರಣಿಯ ಮುಂದೆ ಬಂದಾಗ ಆ ಮಾತು ಸಿಟ್ಟಾಯಿತು. ಒಳಗೆ ಹೋಗಿ ಒಂದು ಚೀಲ ತೌಡು ತುಂಬಿಸಿಕೊಂಡ. ಅವ್ವ ಮೊರದಲ್ಲಿ ಕೊಟ್ಟಿದ್ದಾಳೆ, ತಾನು ಚೀಲದಲ್ಲಿ ಕೊಟ್ಟರೆ ಆಮೇಲೆ ಯಾರೂ ಮಾತಾಡುವ ಹಾಗಿರುವುದಿಲ್ಲ. ಓದಿದವರು ತಪ್ಪು ಮಾಡುವಾಗಲೂ ಹೀಗೆ ಅಚ್ಚುಕಟ್ಟಾಗಿಯೇ ಮಾಡುತ್ತಾರೆ.

ಚೀಲವನ್ನು ತಲೆಯ ಮೇಲೆ ಹೊತ್ತು ಹೊಳೆಸಾಲಿನ ದಾರಿ ಹಿಡಿದ. ಬಿಸಿಲೇರಿತು. ಮೇಯುತ್ತಿದ್ದ ಎಮ್ಮೆಯೊಂದು ಮೂಗೆತ್ತಿ ವಾಸನೆ ಹಿಡಿದು ಹಿಂದೆ ಬಿತ್ತು. ಓಡಿಸಿದರೂ ಬಿಡಲಿಲ್ಲ.

ಊರ ಅಗಸಿಬಾಗಿಲಲ್ಲಿ ಕೂತವರೊಬ್ಬರು ಕೇಳಿದರು.

"ಏನ್ರಿ ಮಾಸ್ತರ, ಎಮ್ಮಿ ಕೊಂಡ್ರೇನು?"

ತೌಡಪ್ಪ ಉತ್ತರ ಕೊಡದೆ ನಡೆದ.

ಅವ್ವ ಕಾಶವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗಳು ರತ್ನವ್ವ, ಅಳಿಯ ಇಬ್ಬರೂ ಹೊಲಕ್ಕೆ ಹೋಗಿದ್ದರು. ಮಗನನ್ನು ಓಣಿಯ ಆ ತುದಿಯಲ್ಲಿ ಕಂಡಾಗಲೇ ಅವಳ ಬಾಯಿ ಶುರುವಾಯಿತು.

"ಬಂತು ನೋಡು ಹೆಣ! ಹಾಳಾದವ್ನ, ಇಷ್ಟು ದಿನಾ ಎಲ್ಲಿ ಸುಟ್ಟುಹೋಗಿದ್ದಿ? ಈ ಬಿಸಲಾಗ ತಲಿ ಮ್ಯಾಲೆ ಏನದು? ಮಾರಿ ನೋಡು, ಒಣಗಿದ ಬದನಿಕಾಯಿ ಆಗೈತಿ!"

ಬೈಯುತ್ತಲೇ ಎದ್ದು ತಂಬಿಗೆ ನೀರು ತಂದಳು. ಬೈಯುತ್ತಲೇ ಸೆರಗಿನಿಂದ ಅವನ ಹಣೆ ಒರೆಸಿದಳು.

ತೌಡಪ್ಪ ನೀರು ಕುಡಿಯಲಿಲ್ಲ. ಚೀಲವನ್ನು ಅವಳ ಕಾಲ ಬಳಿ ಇಳಿಸಿದ.

"ಅವ್ವಾ, ಅಜ್ಜಾರು ನನ್ನ ಕೊಳ್ಳತಾರಂತ. ಬೆಲಿ ಕೇಳಿ ಬಾ ಅಂದಾರ. ನಾ ಕೇಳೂದೇನೈತಿ, ತಂದ ಬಿಟ್ಟೀನಿ. ನೀ ಒಂದು ಮೊರ ಕೊಟ್ಟಿದ್ದಿ. ಚೀಲ ತಗೋ."

ಕಾಶವ್ವ ಚೀಲದ ಬಾಯಿ ಬಿಚ್ಚಿದಳು. ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಸುರಿಸಿದಳು. ಅಷ್ಟು ಹೊತ್ತು ಅವಳು ಬೈಯದೆ ಇದ್ದುದು ಅವನಿಗೆ ಹೆದರಿಕೆ ಹುಟ್ಟಿಸಿತು.

"ಅವತ್ತಿಂದು ಇಷ್ಟು ಚೊಲೋ ಇರಲಿಲ್ಲ" ಎಂದಳು. "ನುಚ್ಚು ಕೂಡಿತ್ತು."

"ಅವ್ವಾ, ಒಂದು ಕೇಳತೀನಿ. ಮನ್ಯಾಗ ಅವತ್ತು ಜ್ವಾಳಾ ಇರಲಿಲ್ಲೇನು?"

"ಇತ್ತು. ಕಾಳಿನ ಹಗೇವು ತುಂಬಿತ್ತು. ಕೊರಳಾಗ ಗುಂಡಿನ ಸರಾನೂ ಇತ್ತು."

"ಮತ್ತ?"

"ಮತ್ತೇನೋ ಹುಚ್ಚಾ! ಜವರಾಯ ಬಾಗಲಾಗ ನಿಂತಿದ್ದ."

ಅವಳು ಓಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮೊದಲಿನವಕ್ಕ ಚಂದಚಂದ ಹೆಸರಿಟ್ಟಿದ್ವಿ. ಓಣಿಗೆಲ್ಲ ಕೇಳೂವಂಗ ಕರೀತಿದ್ವಿ. ಅವನಿಗೆ ಬೊಟ್ಟು ಮಾಡಿ ತೋರಿಸಿದಂಗ ಆತು. ಒಂದೊಂದ ಎತ್ಕೊಂಡು ಹೋದ. ನೀ ಹುಟ್ಟಿದಾಗ ಅವ ಮತ್ತ ಬಂದು ನಿಂತಾನ ಅಂತ ನನಗ ಗೊತ್ತಿತ್ತು. ಒದರಿ ಹೇಳಿದೆ. ಇದು ನಂದಲ್ಲಪ್ಪ, ತಿಪ್ಪಿದು, ಒಂದು ಮೊರ ತೌಡಿನ ಮಾಲು, ನೀ ನಿನ್ನ ದಾರಿ ನೋಡ್ಕೋ ಅಂತ. ಜ್ವಾಳಾ ಕೊಟ್ಟಿದ್ರ ಅವ ಹೊಳ್ಳಿ ನೋಡತಿದ್ದ."

ತೌಡಪ್ಪ ನಿಂತೇ ಇದ್ದ.

"ಆದ್ರ ನನ್ನ ಸಂಕವ್ವಗ ಕೊಟ್ಟಿದ್ದಿಯಲ್ಲ."

"ಯಾವಾಗ ಕೊಟ್ಟೆ? ತಿಪ್ಪಿ ಮ್ಯಾಲೆ ಇಟ್ಟೆ ಖರೆ, ಕೈ ತಗಿಯಾಕ ಬರಲಿಲ್ಲ. ಸಂಕವ್ವ ನನ್ನ ಬೆರಳು ಬಿಡಿಸಿ ನಿನ್ನ ಎತ್ಕೊಂಡ್ಳು. ಕೊಂಡದ್ದು ನಾ. ಮಾರಿದ್ದು ನನಗ ನೆನಪಿಲ್ಲ."

ಸೆರೆ ಸಿಕ್ಕವರನ್ನು ಏನಾದರೂ ಕೊಟ್ಟು ಬಿಡಿಸಿಕೊಂಡು ಬರುವುದು. ನಿನ್ನೆ ತಾನೇ ಹೇಳಿದ ಪಾಠ ತೌಡಪ್ಪನಿಗೆ ಈಗ ಕೇಳಿಸಿತು.

"ಮತ್ತ ರತ್ನಾ?" ಎಂದ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಚಿಕ್ಕ ಹುಡುಗ ಕೇಳಿದ ಹಾಗಿತ್ತು.

"ನೀ ಉಳದಿ. ನಿನ್ನ ನೋಡಿ ನನಗ ಧೈರ್ಯ ಬಂತು. ಆ ಧೈರ್ಯದ ಮ್ಯಾಲೆ ಆಕಿಗೆ ಚಂದನ ಹೆಸರಿಟ್ವಿ. ಆಕಿ ಹೆಸರು ನೀ ದುಡದು ಕೊಟ್ಟದ್ದಪ್ಪ."

ತೌಡಪ್ಪನಿಗೆ ಅಳು ಬಂತು. ಮೀಸೆ ಬಂದ ಗಂಡಸು, ಇಂಗ್ಲಿಷ್ ಮಾಸ್ತರ, ಹಿಂದೆ ಬಂದ ಎಮ್ಮೆಯ ಎದುರು ನಿಂತು ಬಿಕ್ಕಿ ಬಿಕ್ಕಿ ಅತ್ತ. ಇಷ್ಟು ವರ್ಷ ಅವಳನ್ನು ತಪ್ಪು ತಿಳಿದೆನಲ್ಲ ಎಂದು ಅತ್ತ. ಅವ್ವ ಸುಮ್ಮನೆ ಅವನ ಬೆನ್ನು ಸವರಿದಳು.

"ಅಜ್ಜಾರು ಹೊಸಾ ಹೆಸರು ಇಡತಾರೇನು?" ಎಂದು ಕೇಳಿದಳು ಸ್ವಲ್ಪ ಹೊತ್ತಿನ ಮೇಲೆ.

"ಇಡ್ರಿ ಅಂತ ನಾನ ಕೇಳೀನಿ."

ಬೆನ್ನ ಮೇಲಿನ ಕೈ ನಿಂತಿತು.

"ಬ್ಯಾಡಪ್ಪ. ಮಠದಾಗ ಇರು, ಕಾವಿ ಉಡು, ನಾ ಬ್ಯಾಡ ಅನ್ನೂದಿಲ್ಲ. ಹೆಸರೊಂದು ಬದಲಿ ಮಾಡಬ್ಯಾಡ. ಆ ಜವರಾಯ ಇನ್ನೂ ಈ ಓಣ್ಯಾಗ ಅಡ್ಡಾಡತಾನ."

"ಆತವ್ವ."

"ನಿನಗ ಚಂದನ ಹೆಸರ ಇಲ್ಲಂತ ತಿಳದೀಯೇನು? ಬಗ್ಗು ಇಲ್ಲಿ."

ತೌಡಪ್ಪ ಬಗ್ಗಿದ. ಅವ್ವ ಅವನ ಕಿವಿಗೆ ಬಾಯಿ ಹಚ್ಚಿ ಒಂದು ಹೆಸರು ಹೇಳಿದಳು.

"ಸಣ್ಣಾಂವ ಇದ್ದಾಗ ನಿನಗ ನಿದ್ದಿ ಹತ್ತಿದ ಮ್ಯಾಲೆ ದಿನಾ ಹಿಂಗ ಕರೀತಿದ್ದೆ. ನಿನಗ ಕೇಳಸಬಾರದು ಅಂತಲ್ಲ. ಅವನಿಗೆ ಕೇಳಸಬಾರದು ಅಂತ."

ಆ ಹೆಸರು ಏನೆಂದು ನಾನು ಇಲ್ಲಿ ಬರೆಯುವುದಿಲ್ಲ. ಕೇಳಿಸಿಕೊಳ್ಳುವವನಿಗೆ ಓದಲೂ ಬರುತ್ತಿರಬಹುದು.

ಆಮೇಲೆ ಅವನು ನೀರು ಕುಡಿದ. ರೊಟ್ಟಿ ತಿಂದ. ಕಾಶವ್ವ ಎದುರಿಗೆ ಕೂತು, ಮುಖ್ಯವಾದದ್ದೊಂದು ಈಗ ನೆನಪಾದವಳಂತೆ ಕೇಳಿದಳು.

"ಅಲ್ಲೋ, ನಿಮ್ಮ ಅಜ್ಜಾರು ನಿನಗ ಬೈತಾರೋ ಇಲ್ಲೋ?"

"ಇಲ್ಲವ್ವ. ರಿ ಹಚ್ಚಿ ಮಾತಾಡತಾರ. ತೌಡಪ್ಪನವರ ಅಂತಾರ."

"ಅಯ್ಯ ಶಿವನ!" ಅವಳು ಎದೆ ಮೇಲೆ ಕೈಯಿಟ್ಟುಕೊಂಡಳು. "ಹಂಗ ಮರ್ಯಾದಿ ಕೊಟ್ಟು ಕರದ್ರ ಅವನ ಕಣ್ಣು ಬೀಳೂದಿಲ್ಲೇನು? ನಾ ಇಷ್ಟು ವರ್ಷ ಬೈದದ್ದೆಲ್ಲ ನೀರಾಗ ಹೋಮ ಮಾಡಿದಂಗ ಆತಲ್ಲೋ! ಇಲ್ಲೆ ಇದ್ರ ನಾ ಬೈತೀನಿ. ಅಲ್ಲಿ ಬೈಯೋರು ಯಾರು?"

"ಯಾರೂ ಇಲ್ಲವ್ವ."

"ಬೆಲಿ ಕೇಳ್ಯಾರಲ್ಲ? ಹೋಗಿ ಹೇಳು. ದಿನಾ ಒಮ್ಮೆರೆ ನಿನಗ ಬೈಬೇಕು. ಬಾಯಿ ತುಂಬ ಬೈಬೇಕು, ಹೊಳಿ ಆಚೆ ದಂಡಿಗೆ ಕೇಳಬೇಕು. ಜ್ವರಾ ಬಂದ ದಿನಾ ಇನ್ನಷ್ಟು ಬೈಬೇಕು. ಅದ ನನ್ನ ಬೆಲಿ. ಒಪ್ಪಿದ್ರ ಒಯ್ಯಲಿ. ಇಲ್ಲಂದ್ರ ಬಂದುಬಿಡು, ನಾ ಇದ್ದೀನಿ."

ಅರ್ಧ ತೌಡನ್ನು ಬುಟ್ಟಿಗೆ ಸುರಿದುಕೊಂಡಳು. ಅಲ್ಲಿಯವರೆಗೂ ಬಾಗಿಲಲ್ಲೇ ಕಾದಿದ್ದ ಆ ಎಮ್ಮೆಗೂ ಒಂದಿಷ್ಟು ಹಾಕಿದಳು. ಉಳಿದರ್ಧ ಚೀಲದ ಬಾಯಿ ಕಟ್ಟಿ ಅವನ ತಲೆಯ ಮೇಲಿಟ್ಟಳು.

"ಮಠದ ಆಕಳಿಗೆ ಒಯ್ಯಿ. ಹಾದ್ಯಾಗ ಚೆಲ್ಲೀಗಿಲ್ಲೀ, ಹಾಳಾದವ್ನ."

ಬೈಗುಳ ಅದೇ, ಮೊದಲಿನದೇ. ತೌಡಪ್ಪ ಅದನ್ನು ಕೇಳುತ್ತ ಒಂದು ಕ್ಷಣ ಹೆಚ್ಚಿಗೆ ನಿಂತ.

ಮಠ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಅಜ್ಜ ಬೇವಿನ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದರು. ತೌಡಪ್ಪ ಆಕಳ ಗೂಟದ ಪಕ್ಕ ಚೀಲ ಇಳಿಸಿ, ಅಜ್ಜನ ಮುಂದೆ ಬಂದು ಕೂತ.

"ಬರ್ರಿ ತೌಡಪ್ಪನವರ. ನಿಮಗೊಂದು ಹೊಸಾ ಹೆಸರು ಹುಡುಕಿ ಇಟ್ಟೀನಿ. ಕೇಳಿದವರು ಎದ್ದು ನಿಲ್ಲಬೇಕು, ಅಂಥಾ ಹೆಸರು."

"ಬ್ಯಾಡ್ರಿ ಅಜ್ಜಾರ."

"ಯಾಕ್ರಿ?"

"ಅವ್ವ ಹೆದರತಾಳ್ರಿ."

ಅಜ್ಜನ ಕೈ ಹಗ್ಗದ ಮೇಲೆ ನಿಂತಿತು.

"ಎಮ್ಮಿಯಂಗ ಒದರೋರು ಒದರತಾರಲ್ರಿ ಮತ್ತ?"

"ಒದರಲಿ ಬಿಡ್ರಿ. ಅವರು ಒದರಿದಷ್ಟೂ ಅವ್ವಗ ನಿಶ್ಚಿಂತಿ."

"ಹಂಗಾರ ದೀಕ್ಷಾದ ಹೆಸರು ಬ್ಯಾಡ?"

"ನನಗ ಒಂದು ಐತ್ರಿ." ತೌಡಪ್ಪನ ಕೈ ತನಗೆ ತಿಳಿಯದೆ ಕಿವಿಗೆ ಹೋಯಿತು. "ಹೊರಗ ಹೇಳೂವಂಥದ್ದಲ್ರಿ."

ಅಜ್ಜ ಅವನ ಕಿವಿಯನ್ನು ನೋಡಿದರು. ಅವನ ಕಣ್ಣನ್ನು ನೋಡಿದರು.

"ನಾನೂ ಕಿವ್ಯಾಗ ಹೇಳಾಂವ ಇದ್ದೆ" ಎಂದರು. "ನನಕಿಂತ ಮೊದಲ ಹೇಳಿ ಮುಗಿಸ್ಯಾರ."

ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು.

"ಬೆಲಿ ಏನಂದ್ರು?"

"ಬೈ ಅಂದ್ಳ್ರಿ."

"ಇಂಗ್ಲಿಷಿನ್ಯಾಗೋ, ಕನ್ನಡದಾಗೋ?"

"ಕನ್ನಡದಾಗ್ರಿ. ದಿನಾ ಒಮ್ಮೆರೆ ಬೈಬೇಕಂತ. ಹೊಳಿ ಆಚೆ ದಂಡಿಗೆ ಕೇಳಬೇಕಂತ. ಜ್ವರಾ ಬಂದ ದಿನಾ ಇನ್ನಷ್ಟಂತ."

ಅಜ್ಜ ನಕ್ಕರು. ಹೆಗಲು ಕುಣಿಯುವಂತೆ ನಕ್ಕರು. ಆಮೇಲೆ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡು, ಸುತ್ತಿಟ್ಟ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡರು.

ತೌಡಪ್ಪ ಅವರ ಬಾಯನ್ನೇ ನೋಡುತ್ತ ಕೂತ. ಆಕಳ ಹಗ್ಗ ಬಿಚ್ಚಿದ ದಿನವೂ ಅವನು ಇಷ್ಟು ಆಸೆಯಿಂದ ಕಾದಿರಲಿಲ್ಲ. ಇಲ್ಲವೆಂದರೆ ನಾಳೆ ಬೆಳಗ್ಗೆ ಈ ಅಂಗಳ ಗುಡಿಸುವ ಕೆಲಸ ತನಗಿಲ್ಲ. ಹಿಂದೆ ಬೇವಿನ ಆ ಮಗ್ಗುಲಲ್ಲಿ ಏನೋ ಕಚಪಚ ಸದ್ದಾಗುತ್ತಿತ್ತು. ಅವನಿಗೆ ಅದು ಕಿವಿಗೆ ಬೀಳಲೇ ಇಲ್ಲ.

"ತುಟ್ಟಿ ಆತೇನ್ರಿ ಅಜ್ಜಾರ?" ಎಂದು ಮೆಲ್ಲಗೆ ಕೇಳಿದ.

ಅಜ್ಜ ಎದ್ದು ನಿಂತರು. ಪಂಚೆ ಕೊಡವಿದರು. ಆಮೇಲೆ ಅವರು ತೆಗೆದ ದನಿಗೆ ಒಳಗಿದ್ದ ದ್ಯಾಮಣ್ಣ ಸೌಟು ಹಿಡಿದುಕೊಂಡೇ ಹೊರಗೋಡಿ ಬಂದ, ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು.

"ಏ ತೌಡಾ! ಹಾಳಾದವ್ನ, ಮಂಗ್ಯಾ! ಇಂಗ್ಲಿಷ್ ಹೇಳ್ಕೋಂತ ಕುಂತೀಯಲ್ಲೋ, ಹೊಳ್ಳಿ ನೋಡು, ಆಕಳು ನಿನ್ನ ಬೆಲೀನೆಲ್ಲಾ ತಿಂದು ಮುಗಸಾಕತ್ತೈತಿ!"